ಚಿಕ್ಕ ಮನೆಗೆ ಸೌದೆ ಒಲೆ ಮತ್ತು ಕರೆಂಟ್ ಹೀಟರ್: ಎರಡನ್ನೂ ಜೊತೆಗೆ ನಡೆಸುವುದು ಹೇಗೆ

ಸೌದೆ ಒಲೆ ಬಂದ ಮೇಲೆ ಕರೆಂಟ್ ಹೀಟರ್ ತೆಗೆದುಬಿಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ತೆಗೆಯಬೇಡಿ ಅಂತಲೇ ಹೇಳುತ್ತೇನೆ. ಚಿಕ್ಕ ಮನೆಯಲ್ಲಿ ಎರಡೂ ಇದ್ದರೆ ಒಳ್ಳೆಯದು, ಆದರೆ ಎರಡಕ್ಕೂ ಒಂದೇ ಕೆಲಸ ಕೊಡಬಾರದು. ಮನೆ ಒಂದು ಮಟ್ಟಕ್ಕಿಂತ ಕೆಳಗೆ ತಣ್ಣಗಾಗದ ಹಾಗೆ ನೋಡಿಕೊಳ್ಳುವುದು ಕರೆಂಟಿನ ಕೆಲಸ. ಅದರ ಮೇಲಿನ ಬಿಸಿ, ಅಂದರೆ ನಾವು ಎದ್ದು ಕೂತು ಓಡಾಡುವ ಹೊತ್ತಿನ ಬಿಸಿ, ಬೆಂಕಿಯ ಕೆಲಸ. ಈ ಹಂಚಿಕೆ ಸರಿಯಾದರೆ ಸೌದೆಯೂ ಉಳಿಯುತ್ತದೆ, ಬಿಲ್ಲೂ ಇಳಿಯುತ್ತದೆ, ಮಲಗುವ ಕೋಣೆಯ ಗೋಡೆಗೆ ಬೂಸು ಹಿಡಿಯುವುದೂ ತಪ್ಪುತ್ತದೆ.

ನಮ್ಮದು 50 ಚದರ ಮೀಟರಿನ ಮನೆ. ಒಂದು ನಡುಮನೆ, ಅದಕ್ಕೆ ಸೇರಿಕೊಂಡೇ ಅಡುಗೆ ಜಾಗ, ಕಿರಿದಾದ ಒಂದು ಪಡಸಾಲೆ, ಅದರ ಆಚೆ ಎರಡು ಮಲಗುವ ಕೋಣೆ. ಒಲೆ ನಡುಮನೆಯಲ್ಲಿದೆ. ಪ್ರತಿ ಕೋಣೆಗೂ ಗೋಡೆಗೆ ಕೂರಿಸಿದ ಒಂದೊಂದು ಕರೆಂಟ್ ಪ್ಯಾನೆಲ್ ಹೀಟರ್ ಇದೆ. ಕೆಳಗೆ ಬರೆದಿರುವುದೆಲ್ಲ ಇಂಥ ಮನೆಗೆ ಹೊಂದುವಂಥದ್ದು. ಒಲೆ ಅಂದಾಗ ನನ್ನ ಮನಸ್ಸಿನಲ್ಲಿರುವುದು ಗಾಜಿನ ಬಾಗಿಲಿನ, ಹೊಗೆ ಕೊಳವೆ ಜೋಡಿಸಿದ, ಮುಚ್ಚಿದ ಕಬ್ಬಿಣದ ಒಲೆ. ಗೋಡೆಯಲ್ಲಿ ತೆರೆದೇ ಇರುವ ಬೆಂಕಿಗೂಡಲ್ಲ. ತೆರೆದ ಬೆಂಕಿಯಲ್ಲಿ ಸೌದೆಯ ಶಾಖದ ಐದರಲ್ಲಿ ಒಂದು ಪಾಲು ಕೋಣೆಗೆ ಸಿಕ್ಕರೆ ಅದೇ ಜಾಸ್ತಿ. ಉಳಿದದ್ದು ಮನೆಯ ಬೆಚ್ಚನೆ ಗಾಳಿಯನ್ನೂ ಎಳೆದುಕೊಂಡು ಹೊಗೆಗೂಡಿನಿಂದ ಆಚೆ ಹೋಗುತ್ತದೆ.

ಒಲೆ ಕೊಳ್ಳುವ ಮೊದಲು ಕರೆಂಟ್ ಮೀಟರ್ ನೋಡಿ

ಚಿಕ್ಕ ಮನೆಗಳಲ್ಲಿ ನಾನು ಕಂಡಿರುವ ದೊಡ್ಡ ತೊಂದರೆ ಒಲೆ ದೊಡ್ಡದಾಗಿರುವುದು. ಅಂಗಡಿಯಲ್ಲಿ 5 ಕಿಲೋವ್ಯಾಟ್ ಒಲೆಯ ಪಕ್ಕದಲ್ಲೇ 8 ಕಿಲೋವ್ಯಾಟಿನದು ಇರುತ್ತದೆ. ಇರಲಿ, ಸ್ವಲ್ಪ ಜಾಸ್ತಿಯೇ ಇರಲಿ ಅನ್ನಿಸುತ್ತದೆ. ಮನೆಗೆ ತಂದು ಹಚ್ಚಿದರೆ ಅರ್ಧ ಗಂಟೆಯಲ್ಲಿ ಕೋಣೆ 27 ಡಿಗ್ರಿ. ತಡೆಯಲಾಗದೆ ಒಲೆಯ ಗಾಳಿಕಿಂಡಿ ಮುಚ್ಚುತ್ತೀರಿ. ಬೆಂಕಿ ಜ್ವಾಲೆ ಬಿಟ್ಟು ಬರೀ ಹೊಗೆಯಾಡುತ್ತದೆ. ಗಾಜು ಕಪ್ಪಾಗುತ್ತದೆ, ಕೊಳವೆಯೊಳಗೆ ಡಾಂಬರಿನಂಥ ಅಂಟು ಕಟ್ಟುತ್ತದೆ, ಅಕ್ಕಪಕ್ಕದವರ ಮೂಗಿಗೂ ಹೊಗೆ.

ನಿಮ್ಮ ಮನೆಗೆ ಎಷ್ಟು ಬಿಸಿ ಬೇಕು ಅನ್ನುವುದನ್ನು ಅಳೆಯುವ ಒಳ್ಳೆಯ ಸಾಧನ ಈಗಾಗಲೇ ನಿಮ್ಮ ಮನೆಯಲ್ಲಿದೆ. ಅದೇ ಕರೆಂಟ್ ಮೀಟರ್. ಸಾದಾ ಹೀಟರಿನಲ್ಲಿ ಒಂದು ಯೂನಿಟ್ ಕರೆಂಟು ಹೋದರೆ ಒಂದು ಯೂನಿಟ್ ಶಾಖ ಬರುತ್ತದೆ, ಅದರಲ್ಲಿ ಮೋಸವಿಲ್ಲ. ಫ್ರಿಜ್, ದೀಪ, ಟಿವಿಗೆ ಹೋಗುವ ಕರೆಂಟೂ ಕೊನೆಗೆ ಮನೆಯೊಳಗೇ ಶಾಖವಾಗುತ್ತದೆ. ಹಾಗಾಗಿ ಚಳಿ ಚೆನ್ನಾಗಿರುವ ಒಂದು ರಾತ್ರಿ ಆರಿಸಿಕೊಳ್ಳಿ. ರಾತ್ರಿಯೇ ಆಗಬೇಕು, ಏಕೆಂದರೆ ಬಿಸಿಲಿನ ಲೆಕ್ಕ ಬೆರೆಯಬಾರದು. ಸ್ನಾನದ ನೀರಿನ ಗೀಸರ್ ಆರಿಸಿ, ಎಲ್ಲ ಕೋಣೆಯ ಹೀಟರನ್ನೂ ಒಂದೇ ಮಟ್ಟಕ್ಕೆ ಇಡಿ. ಎಲ್ಲ ಕಡೆಯೂ ಬಿಸಿ ನೆಲೆಯಾದ ಮೇಲೆ ಮೀಟರ್ ಬರೆದುಕೊಳ್ಳಿ. ಬೆಳಿಗ್ಗೆ ಮತ್ತೆ ಬರೆದುಕೊಳ್ಳಿ.

ಲೆಕ್ಕ ಹೀಗೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 16 ಯೂನಿಟ್ ಓಡಿದೆ ಅಂದುಕೊಳ್ಳೋಣ. 8 ಗಂಟೆಗೆ ಭಾಗಿಸಿದರೆ 2 ಕಿಲೋವ್ಯಾಟ್. ಒಳಗೆ 20 ಡಿಗ್ರಿ, ಹೊರಗೆ 5 ಡಿಗ್ರಿ ಇತ್ತು, ಅಂದರೆ 15 ಡಿಗ್ರಿ ವ್ಯತ್ಯಾಸ. 2000 ವ್ಯಾಟನ್ನು 15ರಿಂದ ಭಾಗಿಸಿದರೆ ಡಿಗ್ರಿಗೆ ಸುಮಾರು 133 ವ್ಯಾಟ್. ನಿಮ್ಮ ಮನೆಯಿಂದ ಸೋರಿ ಹೋಗುವ ಬಿಸಿ ಅಷ್ಟು. ಹೊರಗೆ ಮೈನಸ್ 5 ಆದರೆ ವ್ಯತ್ಯಾಸ 25 ಡಿಗ್ರಿ, ಆಗ 3.3 ಕಿಲೋವ್ಯಾಟ್ ಬೇಕು. ಮಲಗಿದವರ ಮೈಯಿಂದಲೂ ಒಬ್ಬೊಬ್ಬರಿಂದ 70-80 ವ್ಯಾಟ್ ಬರುತ್ತದೆ, ಅದನ್ನೂ ಸೇರಿಸಿದರೂ ಲೆಕ್ಕ ಅಷ್ಟೇನೂ ಬದಲಾಗುವುದಿಲ್ಲ. ಇಂಥ ಮನೆಗೆ 4 ಕಿಲೋವ್ಯಾಟಿನ ಒಲೆ ಧಾರಾಳ. ತೀರಾ ಚಳಿಯ ದಿನ ಕಮ್ಮಿ ಬಿದ್ದರೆ ತುಂಬಿಕೊಡಲು ಹೀಟರ್ ಇದ್ದೇ ಇದೆಯಲ್ಲ. ಒಲೆಯೊಂದೇ ಇದ್ದಿದ್ದರೆ ವರ್ಷದ ಅತಿ ಚಳಿಯ ರಾತ್ರಿಗೆ ತಕ್ಕ ಒಲೆ ಕೊಳ್ಳಬೇಕಾಗುತ್ತಿತ್ತು. ಹೀಟರ್ ಜೊತೆಗಿದ್ದರೆ ಸಾಮಾನ್ಯ ಚಳಿಯ ಸಂಜೆಗೆ ತಕ್ಕ ಸಣ್ಣ ಒಲೆ ಸಾಕು. ಸಣ್ಣ ಒಲೆಯನ್ನು ಗಾಳಿ ಕೊಟ್ಟು ಚುರುಕಾಗಿ ಉರಿಸಬಹುದು. ಎರಡನ್ನೂ ಜೊತೆಗಿಟ್ಟುಕೊಳ್ಳುವುದರ ನಿಜವಾದ ಲಾಭ ಇದೇ ಅಂತ ನನಗೆ ಅನ್ನಿಸುತ್ತದೆ.

ಡಿಗ್ರಿಗೆ 133 ಬದಲು 250 ವ್ಯಾಟ್ ಬಂದರೆ? ಒಲೆಯ ಯೋಚನೆ ಬಿಟ್ಟು ಮೊದಲು ಬಾಗಿಲ ಸಂದಿ, ಕಿಟಕಿ, ಚಾವಣಿಯ ಕಡೆ ನೋಡಿ. ಸೋರುವ ಮನೆಗೆ ಯಾವ ಒಲೆಯೂ ಸಾಲದು.

ಒಂದು ಕಿಲೋ ಸೌದೆ, ಮೂರು ಯೂನಿಟ್

ಸೌದೆ ಅಗ್ಗವೋ ಕರೆಂಟ್ ಅಗ್ಗವೋ ಅನ್ನುವುದಕ್ಕೆ ಒಂದು ಸುಲಭ ಸೂತ್ರ ಇದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ, ಅಂದರೆ ತೂಕದಲ್ಲಿ 20 ಶೇಕಡಾಕ್ಕಿಂತ ಜಾಸ್ತಿ ನೀರಿಲ್ಲದ ಸೌದೆಯಲ್ಲಿ, ಸುಮಾರು 4 ಯೂನಿಟ್ ಶಾಖ ಇರುತ್ತದೆ. ಒಳ್ಳೆಯ ಒಲೆ ಅದರಲ್ಲಿ ಮುಕ್ಕಾಲು ಪಾಲನ್ನು ಕೋಣೆಗೆ ಕೊಡುತ್ತದೆ. ಅಂದರೆ ಒಂದು ಕಿಲೋಗೆ 3 ಯೂನಿಟ್. ಯಾವ ಮರ ಅನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ. ಗಟ್ಟಿ ಮರವೋ ಮೆದು ಮರವೋ, ತೂಕಕ್ಕೆ ತೂಕ ಶಾಖ ಹೆಚ್ಚುಕಮ್ಮಿ ಒಂದೇ. ಗಟ್ಟಿ ಮರ ಒಂದೇ ಜಾಗದಲ್ಲಿ ಜಾಸ್ತಿ ತೂಗುತ್ತದೆ, ಅಷ್ಟೇ. ಹಾಗಾಗಿ ಸೌದೆಯನ್ನು ರಾಶಿ ನೋಡಿ ಕೊಳ್ಳುವಾಗ ಮರ ಯಾವುದು ಅಂತ ಕೇಳಿ, ತೂಕ ಹಾಕಿಸಿ ಕೊಳ್ಳುವಾಗ ಒಣಗಿದೆಯಾ ಅಂತ ಕೇಳಿ.

ನಿಮ್ಮಲ್ಲಿರುವುದು ಸಾದಾ ಹೀಟರ್ ಆದರೆ, ಒಂದು ಕಿಲೋ ಸೌದೆಯ ದರವನ್ನು ಮೂರು ಯೂನಿಟ್ ಕರೆಂಟಿನ ದರದ ಪಕ್ಕ ಇಟ್ಟು ನೋಡಿ. ಹೀಟ್ ಪಂಪ್ ಇದ್ದರೆ ಲೆಕ್ಕ ಬೇರೆ. ಅದು ಹೊರಗಿನ ಗಾಳಿಯಿಂದ ಶಾಖ ಎಳೆದು ತರುವುದರಿಂದ, ಚಳಿ ಮಿತವಾಗಿರುವಾಗ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟಿನಷ್ಟು ಶಾಖ ಕೊಡುತ್ತದೆ. ಆಗ ಒಂದು ಕಿಲೋ ಸೌದೆಗೆ ಒಂದೇ ಯೂನಿಟ್ ಸಮ. ಇದರಿಂದಲೇ ಒಂದು ಕ್ರಮ ಸಿಗುತ್ತದೆ. ಹೀಟ್ ಪಂಪ್ ಇರುವ ಮನೆಯಲ್ಲಿ ಚಳಿ ಕಮ್ಮಿ ಇರುವ ದಿನ ಪಂಪ್ ಓಡಿಸಿ. ಹೊರಗೆ ಹೆಪ್ಪುಗಟ್ಟುವ ಚಳಿ ಬಂದಾಗ, ಹೊರಗಿನ ಘಟಕಕ್ಕೆ ಮಂಜು ಕಟ್ಟಿ ಅದು ಮತ್ತೆ ಮತ್ತೆ ನಿಂತು ಕರಗಿಸಿಕೊಳ್ಳುವಾಗ, ಒಲೆ ಹಚ್ಚಿ. ಪಂಪಿಗೆ ಕಷ್ಟವಾಗುವ ಹೊತ್ತೇ ಒಲೆಗೆ ಹೇಳಿ ಮಾಡಿಸಿದ ಹೊತ್ತು. ಹೊರಗೆ ಚಳಿ ಹೆಚ್ಚಿದಷ್ಟೂ ಕೊಳವೆಯ ಎಳೆತ ಚುರುಕಾಗುತ್ತದೆ.

ಗಂಟೆಗೊಂದು ದರ ಇರುವ ಕರೆಂಟ್ ನಿಮ್ಮದಾದರೆ ಇನ್ನೂ ಸುಲಭ. ದುಬಾರಿ ಗಂಟೆ ಶುರುವಾಗುವುದಕ್ಕೆ ಅರ್ಧ ಗಂಟೆ ಮೊದಲು ಬೆಂಕಿ ಹಚ್ಚಿದರೆ, ದರ ಏರುವ ಹೊತ್ತಿಗೆ ನಡುಮನೆಯ ಹೀಟರ್ ತಾನಾಗಿ ಸುಮ್ಮನಾಗಿರುತ್ತದೆ.

ಥರ್ಮೋಸ್ಟಾಟ್: ಎಲ್ಲ ಕೀಲಿಯೂ ಇಲ್ಲೇ ಇದೆ

ಥರ್ಮೋಸ್ಟಾಟ್ ಅಂದರೆ ಕೋಣೆ ನಾವು ಹೇಳಿದಷ್ಟು ಬಿಸಿಯಾದಾಗ ಹೀಟರನ್ನು ತಾನೇ ಆರಿಸಿ, ಬಿಸಿ ಇಳಿದಾಗ ಮತ್ತೆ ಹಾಕುವ ಸಾಧನ. ಮನೆಗೆಲ್ಲ ಒಂದೇ ಥರ್ಮೋಸ್ಟಾಟ್ ಇದ್ದು ಅದು ನಡುಮನೆಯಲ್ಲಿದ್ದರೆ, ಒಲೆ ಹಚ್ಚಿದ ಕೂಡಲೇ ಅದು "ಮನೆ ಬೆಚ್ಚಗಿದೆ" ಅಂತ ತಿಳಿದು ಎಲ್ಲ ಹೀಟರನ್ನೂ ಆರಿಸುತ್ತದೆ. ನಡುಮನೆಯಲ್ಲಿ 23, ಮಲಗುವ ಕೋಣೆಯಲ್ಲಿ 13. ಒಲೆ ತರುವ ಮೊದಲು ಇದನ್ನು ಬದಲಿಸಿ. ಪ್ರತಿ ಕೋಣೆಗೂ ಅದರದ್ದೇ ಥರ್ಮೋಸ್ಟಾಟ್ ಇರಲಿ. ಗೋಡೆಗೆ ಕೂರಿಸುವ ಈಗಿನ ಹೆಚ್ಚಿನ ಪ್ಯಾನೆಲ್ ಹೀಟರುಗಳಲ್ಲಿ ಅದು ಒಳಗೇ ಇರುತ್ತದೆ.

ಎಷ್ಟಕ್ಕೆ ಇಡಬೇಕು? ನಾನು ಇಡುವ ಮಟ್ಟ ಹೇಳುತ್ತೇನೆ, ನಿಮ್ಮ ಹಿತಕ್ಕೆ ತಕ್ಕ ಹಾಗೆ ಬದಲಿಸಿಕೊಳ್ಳಿ. ಬೆಂಕಿ ಉರಿಯುವಾಗ ನಡುಮನೆ 21ರಿಂದ 22 ಇರುತ್ತದೆ. ಅಲ್ಲಿಯ ಹೀಟರನ್ನು 18ಕ್ಕೆ ಇಟ್ಟಿದ್ದೇನೆ. ನಡುವಿನ ಆ ಮೂರು ಡಿಗ್ರಿ ಮುಖ್ಯ. ಹೀಟರನ್ನೂ 21ಕ್ಕೇ ಇಟ್ಟರೆ, ಬೆಂಕಿ ಸ್ವಲ್ಪ ಇಳಿದ ಕೂಡಲೇ ಹೀಟರ್ ಶುರುವಾಗುತ್ತದೆ. ಕೋಣೆ ಬೆಚ್ಚಗೇ ಇರುವುದರಿಂದ ಸೌದೆ ಹಾಕಬೇಕು ಅಂತ ನಿಮಗೆ ಅನ್ನಿಸುವುದೇ ಇಲ್ಲ. ಬೆಂಕಿ ಆರುತ್ತದೆ, ಮೀಟರ್ ಓಡುತ್ತದೆ. ಮೂರು ಡಿಗ್ರಿ ಅಂತರ ಇದ್ದರೆ ಬೆಂಕಿ ಇಳಿದದ್ದು ಮೈಗೆ ಗೊತ್ತಾಗುತ್ತದೆ. ಇನ್ನೊಂದು ಸೌದೆ ಹಾಕಬೇಕೋ, ಇವತ್ತಿಗೆ ಸಾಕೋ ಅಂತ ನೀವೇ ತೀರ್ಮಾನ ಮಾಡುತ್ತೀರಿ. ನೀವು ಮಲಗಿದ ಮೇಲೆ ಕೋಣೆ ನಿಧಾನವಾಗಿ 18ಕ್ಕೆ ಇಳಿಯುತ್ತದೆ, ಅಲ್ಲಿಂದ ಹೀಟರ್ ಹಿಡಿದುಕೊಳ್ಳುತ್ತದೆ. ಯಾರೂ ಏಳಬೇಕಿಲ್ಲ, ಒಂದು ಗುಂಡಿಯನ್ನೂ ಒತ್ತಬೇಕಿಲ್ಲ.

ಮಲಗುವ ಕೋಣೆ 16. ಮಕ್ಕಳೋ ವಯಸ್ಸಾದವರೋ ಮಲಗುವ ಕೋಣೆ 18. ಇದನ್ನು ಬೆಂಕಿ ಇರಲಿ ಬಿಡಲಿ ಮುಟ್ಟಬೇಡಿ. ಏಕೆ ಅಂತ ಮುಂದೆ ಹೇಳುತ್ತೇನೆ.

ಥರ್ಮೋಸ್ಟಾಟಿನ ಜಾಗವೂ ನೋಡಬೇಕು. ಒಲೆಯ ಶಾಖದಲ್ಲಿ ದೊಡ್ಡ ಪಾಲು ಬೆಳಕಿನ ಹಾಗೆ ನೇರವಾಗಿ ಬಂದು ಬೀಳುವಂಥದ್ದು. ಒಲೆಯ ಗಾಜು ಕಾಣುವ ಜಾಗದಲ್ಲಿ ಥರ್ಮೋಸ್ಟಾಟ್ ಇದ್ದರೆ, ಅದು ಗಾಳಿಯ ಬಿಸಿಯ ಬದಲು ತನ್ನ ಮೈಮೇಲೆ ಬಿದ್ದ ಬೆಂಕಿಯ ಬಿಸಿಯನ್ನು ಹೇಳುತ್ತದೆ. ಕುರ್ಚಿಯ ಎತ್ತರಕ್ಕೆ, ಒಲೆಗೆ ಮರೆಯಾಗಿ, ಹೊರಗೋಡೆಯ ಮೇಲೆ ಅಲ್ಲದೆ ಒಳಗೋಡೆಯ ಮೇಲೆ ಇರಲಿ. ಜಾಗ ಬದಲಿಸಲಾಗದಿದ್ದರೆ ಕೈಯಲ್ಲಿ ಹಿಡಿಯುವ ಸಣ್ಣ ಥರ್ಮಾಮೀಟರ್ ಒಂದನ್ನು ಸರಿಯಾದ ಜಾಗದಲ್ಲಿಟ್ಟು, ಎರಡರ ವ್ಯತ್ಯಾಸ ನೋಡಿ ಅಂಕಿಯನ್ನು ಹೊಂದಿಸಿಕೊಳ್ಳಿ.

ಹೀಟ್ ಪಂಪಿನ ಒಳಗಿನ ಘಟಕ ಸಾಮಾನ್ಯವಾಗಿ ಚಾವಣಿಯ ಹತ್ತಿರ ಇರುತ್ತದೆ, ಅದರ ಸೆನ್ಸರೂ ಅಲ್ಲೇ. ಒಲೆಯ ಬಿಸಿ ಗಾಳಿ ಏರಿ ಅಲ್ಲೇ ಸೇರುವುದರಿಂದ, ಕೆಳಗೆ ಕಾಲು ತಣ್ಣಗಿದ್ದರೂ ಪಂಪ್ ಸುಮ್ಮನಿರುತ್ತದೆ. ರಿಮೋಟಿನಲ್ಲಿರುವ ಸೆನ್ಸರ್ ಬಳಸುವ ಆಯ್ಕೆ ಇದ್ದರೆ ಅದನ್ನು ಹಾಕಿ, ರಿಮೋಟನ್ನು ಕೂರುವ ಜಾಗದ ಹತ್ತಿರ ಇಡಿ. ಒಲೆಯನ್ನು ಆ ಘಟಕದ ಕೆಳಗೆ ಮಾತ್ರ ಇಡಬೇಡಿ.

ಸ್ಮಾರ್ಟ್ ಥರ್ಮೋಸ್ಟಾಟುಗಳ ಬಗ್ಗೆ ಒಂದು ಮಾತು. ಕೋಣೆ ಬಿಸಿಯಾಗಲು ಎಷ್ಟು ಹೊತ್ತು ಬೇಕು ಅಂತ ಕಲಿತುಕೊಂಡು, ಹೇಳಿದ ಹೊತ್ತಿಗೆ ಮುಂಚೆಯೇ ಶುರುವಾಗುವ ಸೌಲಭ್ಯ ಕೆಲವದರಲ್ಲಿ ಇರುತ್ತದೆ. ಒಲೆ ಇರುವ ಕೋಣೆಯಲ್ಲಿ ಅದನ್ನು ಆಫ್ ಮಾಡಿ. ಒಂದು ದಿನ ಬೆಂಕಿಯಿಂದ ಬೇಗ ಬಿಸಿಯಾಗಿರುತ್ತದೆ, ಇನ್ನೊಂದು ದಿನ ಬರೀ ಹೀಟರಿನಿಂದ ನಿಧಾನ. ಅದರ ಲೆಕ್ಕ ಹಳಿ ತಪ್ಪುತ್ತದೆ. ಬಾಕಿ ಕೋಣೆಗಳಲ್ಲಿ ಇದ್ದರೆ ಇರಲಿ.

ಹೀಟರಿನ ಜಾತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಒಲೆಯ ಜೊತೆ ಚೆನ್ನಾಗಿ ಹೊಂದುವುದು ಬೇಗ ಬಿಸಿಯಾಗಿ ಬೇಗ ತಣ್ಣಗಾಗುವ ಹೀಟರ್. ಪ್ಯಾನೆಲ್, ಕನ್ವೆಕ್ಟರ್ ಇವೆಲ್ಲ ಸರಿ. ಎಣ್ಣೆ ತುಂಬಿದ ರೇಡಿಯೇಟರ್ ಪರವಾಗಿಲ್ಲ. ದಪ್ಪ ಕಾಂಕ್ರೀಟಿನ ಕೆಳಗೆ ಹಾಕಿದ ನೆಲದ ಹೀಟಿಂಗ್ ಮಾತ್ರ ಒಲೆಯ ಕೋಣೆಗೆ ಒಗ್ಗುವುದಿಲ್ಲ. ಥರ್ಮೋಸ್ಟಾಟ್ ಆರಿಸಿದ ಮೇಲೂ ಆ ನೆಲ ಗಂಟೆಗಟ್ಟಲೆ ಬಿಸಿ ಬಿಡುತ್ತಲೇ ಇರುತ್ತದೆ, ಮೇಲಿಂದ ಬೆಂಕಿಯ ಬಿಸಿಯೂ ಸೇರಿದರೆ ಕಿಟಕಿ ತೆರೆಯಬೇಕಾಗುತ್ತದೆ. ಅಂಥ ನೆಲ ಈಗಾಗಲೇ ಇದ್ದರೆ ನಡುಮನೆಯಲ್ಲಿ ಅದನ್ನು ಕಮ್ಮಿ ಮಟ್ಟದಲ್ಲಿಡಿ, ಸ್ನಾನದ ಮನೆಯಲ್ಲಿ ಮನಸ್ಸಿಗೆ ಬಂದ ಹಾಗೆ ಬಳಸಿ. ರಾತ್ರಿಯ ಅಗ್ಗದ ಕರೆಂಟಿನಲ್ಲಿ ಇಟ್ಟಿಗೆ ಕಾಯಿಸಿಟ್ಟುಕೊಂಡು ಹಗಲು ಬಿಡುವ ಸ್ಟೋರೇಜ್ ಹೀಟರ್ ಇರುವವರು ಹಿಂದಿನ ರಾತ್ರಿಯೇ ಯೋಚಿಸಬೇಕು. ನಾಳೆ ಸಂಜೆ ಬೆಂಕಿ ಹಚ್ಚುವುದು ಗ್ಯಾರಂಟಿ ಅಂದರೆ ಇವತ್ತು ರಾತ್ರಿ ಅದರೊಳಗೆ ತುಂಬುವ ಬಿಸಿಯನ್ನು ಇಳಿಸಿಡಿ.

ಬೆಂಕಿಯ ಬಿಸಿ ಆಚೆ ಕೋಣೆಗೆ ಹೋಗುತ್ತದಾ?

ಹೋಗುತ್ತದೆ, ಆದರೆ ನಾವು ಅಂದುಕೊಂಡಷ್ಟು ಅಲ್ಲ. ಒಂದು ತೆಳು ಟಿಶ್ಯೂ ಕಾಗದವನ್ನು ಉದ್ದಕ್ಕೆ ಪಟ್ಟಿ ಹರಿದುಕೊಳ್ಳಿ. ಒಲೆ ಚೆನ್ನಾಗಿ ಉರಿಯುತ್ತಿರುವಾಗ ನಡುಮನೆಯ ಬಾಗಿಲ ಹೊಸ್ತಿಲಲ್ಲಿ ನಿಂತು, ಆ ಪಟ್ಟಿಯನ್ನು ಬಾಗಿಲಿನ ಮೇಲ್ತುದಿಗೆ ಹಿಡಿಯಿರಿ. ಅದು ಪಡಸಾಲೆಯ ಕಡೆಗೆ ವಾಲುತ್ತದೆ. ನಿಧಾನವಾಗಿ ಕೆಳಗೆ ತನ್ನಿ. ಎದೆಯ ಮಟ್ಟಕ್ಕೆ ಬಂದಾಗ ಅಲ್ಲಾಡದೆ ನೇತಾಡುತ್ತದೆ. ಮೊಣಕಾಲಿನ ಕೆಳಗೆ ಬಂದಾಗ ತಿರುಗಿ ಒಲೆಯ ಕಡೆಗೆ ವಾಲುತ್ತದೆ. ಮೇಲೆ ಬಿಸಿ ಗಾಳಿ ಹೊರಗೆ, ಕೆಳಗೆ ತಣ್ಣನೆ ಗಾಳಿ ಒಳಗೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಫ್ಯಾನ್ ಎಲ್ಲಿಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಹೆಚ್ಚಿನವರು ಒಲೆಯ ಪಕ್ಕ ಫ್ಯಾನ್ ಇಟ್ಟು ಮಲಗುವ ಕೋಣೆಯ ಕಡೆಗೆ ತಿರುಗಿಸುತ್ತಾರೆ. ಅದು ಬಾಗಿಲಲ್ಲಿ ಎದುರಿನಿಂದ ಬರುವ ತಣ್ಣನೆ ಗಾಳಿಯ ಜೊತೆ ಗುದ್ದಾಡುತ್ತದೆ. ಬದಲಿಗೆ ಒಂದು ಪುಟ್ಟ ಮೇಜಿನ ಫ್ಯಾನನ್ನು ಪಡಸಾಲೆಯ ನೆಲದ ಮೇಲಿಟ್ಟು, ಒಲೆಯ ಕೋಣೆಯ ಕಡೆಗೆ, ಅತಿ ನಿಧಾನದ ವೇಗದಲ್ಲಿ ಓಡಿಸಿ. ನೆಲದ ಮೇಲಿನ ತಣ್ಣನೆ ಗಾಳಿ ನಡುಮನೆಗೆ ಹೋಗುತ್ತದೆ, ಅದರ ಜಾಗ ತುಂಬಲು ಬಿಸಿ ಗಾಳಿ ಬಾಗಿಲಿನ ಮೇಲಿನಿಂದ ತಾನೇ ಬರುತ್ತದೆ. ಕೆಳಗಿನ ಗಾಳಿ ಹೇಗೂ ಅತ್ತಲೇ ಹರಿಯುತ್ತಿರುತ್ತದೆ, ಅದನ್ನು ತಳ್ಳುವುದು ಫ್ಯಾನಿಗೂ ಹಗುರ ಕೆಲಸ. ಫ್ಯಾನಿನ ಗಾಳಿ ಮಾತ್ರ ಒಲೆಯ ಬಾಯಿಗೆ ನೇರವಾಗಿ ಬೀಳಬಾರದು.

ಇಲ್ಲಿ ಎಚ್ಚರ ಬೇಕಾದ ಜಾಗ ಒಂದಿದೆ. ನಡುಮನೆಯ ಬಿಸಿ ಗಾಳಿ ಒಳಗೆ ತೇವವನ್ನೂ ಹೊತ್ತುಕೊಂಡು ಹೋಗುತ್ತದೆ. ಅಡುಗೆಯ ಆವಿ, ನಮ್ಮ ಉಸಿರು, ಒಣಗಲು ಹಾಕಿದ ಬಟ್ಟೆ, ಎಲ್ಲ ಅದರಲ್ಲೇ. 20 ಡಿಗ್ರಿಯ ಗಾಳಿಯಲ್ಲಿ ತೇವಾಂಶ 50 ಶೇಕಡಾ ಇದ್ದರೆ, ಅದು ಸುಮಾರು 9 ಡಿಗ್ರಿಯ ಗೋಡೆಗೆ ತಾಗಿದಾಗ ನೀರಾಗುತ್ತದೆ. ತೇವಾಂಶ 60 ಆದರೆ 12 ಡಿಗ್ರಿಗೇ ನೀರು. ಹೀಟರ್ ಪೂರ್ತಿ ಆರಿಸಿದ ಮಲಗುವ ಕೋಣೆಯಲ್ಲಿ ಹೊರಗೋಡೆಯ ಮೂಲೆ, ಬೀರುವಿನ ಹಿಂಭಾಗ, ಕಿಟಕಿಯ ಪಕ್ಕ ಸುಲಭವಾಗಿ ಅಷ್ಟಕ್ಕೆ ಇಳಿಯುತ್ತವೆ. ಅಲ್ಲೇ ಬೂಸು ಶುರು. ಅದಕ್ಕೇ ಮಲಗುವ ಕೋಣೆಯ 16 ಡಿಗ್ರಿಯನ್ನು ಮುಟ್ಟಬೇಡಿ ಅಂದದ್ದು. ಅಲ್ಲಿ ಉಳಿಸುವ ಒಂದೆರಡು ಯೂನಿಟ್ ಕರೆಂಟಿಗೆ ಗೋಡೆಯನ್ನೂ ಶ್ವಾಸಕೋಶವನ್ನೂ ಬಲಿ ಕೊಡುವುದು ಬೇಡ.

ಒಲೆಯ ಹಿಂದೆ ಇಟ್ಟಿಗೆ ಗೋಡೆ ಕಟ್ಟಿಸಬಹುದಾ? ಜಾಗವಿದ್ದು, ನೆಲ ತೂಕ ತಡೆಯುವಂತಿದ್ದರೆ ಕಟ್ಟಿಸಿ. 200 ಕಿಲೋ ಇಟ್ಟಿಗೆ 40 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 1.9 ಯೂನಿಟ್ ಶಾಖ ಹಿಡಿದಿಡುತ್ತದೆ. ಬೆಂಕಿ ಆರಿದ ಮೇಲೆ ಅದು ನಿಧಾನವಾಗಿ ಬಿಡುತ್ತದೆ, ಹೀಟರ್ ಶುರುವಾಗುವುದು ಅಷ್ಟು ತಡವಾಗುತ್ತದೆ. ರಾತ್ರಿಯಿಡೀ ಸಾಕಾಗುತ್ತದೆ ಅನ್ನುವ ಮಾತನ್ನು ನಂಬಬೇಡಿ, ಲೆಕ್ಕವೇ ಹೇಳುತ್ತದೆ.

ಉರಿಸುವ ರೀತಿ

ಹಸಿ ಸೌದೆಯಿಂದ ಯಾವ ಉಪಯೋಗವೂ ಇಲ್ಲ. 40 ಶೇಕಡಾ ನೀರಿರುವ ಸೌದೆಯ ಒಂದು ಕಿಲೋದಲ್ಲಿ 400 ಗ್ರಾಂ ನೀರು. ಅದನ್ನು ಆವಿ ಮಾಡಿ ಕೊಳವೆಯಿಂದ ಆಚೆ ಕಳಿಸಲಿಕ್ಕೇ ಬೆಂಕಿಯ ಶಕ್ತಿ ಹೋಗುತ್ತದೆ. 4 ಯೂನಿಟಿನ ಜಾಗದಲ್ಲಿ 2.8 ಸಿಕ್ಕರೆ ಹೆಚ್ಚು, ಬೆಂಕಿ ತಣ್ಣಗೆ ಉರಿಯುವುದರಿಂದ ಅದೂ ಪೂರ್ತಿ ಸಿಗುವುದಿಲ್ಲ. ಸೀಳಿದ ಸೌದೆಯನ್ನು ಮೇಲೆ ಮಾತ್ರ ಮುಚ್ಚಿ, ಪಕ್ಕಗಳಲ್ಲಿ ಗಾಳಿಯಾಡುವ ಹಾಗೆ ಒಟ್ಟಿ ಒಂದರಿಂದ ಎರಡು ವರ್ಷ ಒಣಗಿಸಬೇಕು. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಹೊರಮೈಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಸೌದೆಯನ್ನು ಆಗಲೇ ಸೀಳಿ, ಒಳಮೈಯ ನಡುವೆ ಚುಚ್ಚಿ ನೋಡಿ.

ಹಚ್ಚುವಾಗ ದಪ್ಪ ಸೌದೆ ಕೆಳಗೆ, ಅದರ ಮೇಲೆ ಸಣ್ಣವು, ಮೇಲುಗಡೆ ಪುಳ್ಳೆ. ಮೇಲಿನಿಂದ ಹಚ್ಚಿ. ಕೆಳಗಿನ ಸೌದೆಯಿಂದ ಬರುವ ಹೊಗೆ ಮೇಲಿನ ಜ್ವಾಲೆಯ ಮೂಲಕವೇ ಹೋಗಿ ಉರಿದುಬಿಡುತ್ತದೆ. ಆಮೇಲೆ ಒಂದು ಸಲಕ್ಕೆ ಒಂದು ಕಿಲೋ ಅಥವಾ ಸ್ವಲ್ಪ ಹೆಚ್ಚು ಹಾಕಿದರೆ ಸಾಕು. ಒಂದು ಕಿಲೋ ಒಂದು ಗಂಟೆ ಉರಿದರೆ ಕೋಣೆಗೆ 3 ಕಿಲೋವ್ಯಾಟ್, ಮೇಲಿನ ಲೆಕ್ಕದ ಮನೆಗೆ ಅದು ಹದವಾದ ಬಿಸಿ. ಒಲೆ ತುಂಬ ಸೌದೆ ತುಂಬಿ, ಗಾಳಿ ಮುಚ್ಚಿ, ರಾತ್ರಿಯಿಡೀ ಹೊಗೆಯಾಡಿಸಿ ಮಲಗುವ ಅಭ್ಯಾಸ ಹಲವರಿಗಿದೆ. ಹೀಟರ್ ಇಲ್ಲದ ಮನೆಯಲ್ಲಿ ಅದರ ಕಾರಣ ಅರ್ಥವಾಗುತ್ತದೆ. ನಿಮ್ಮ ಮನೆಯಲ್ಲಿ ಹೀಟರ್ ಇದೆ. ರಾತ್ರಿಯ ಪಾಳಿ ಅದಕ್ಕೆ ಬಿಡಿ, ಮಲಗುವ ಮೊದಲು ಬೆಂಕಿ ಕೆಂಡವಾಗಿ ತೀರಲಿ.

ಒಂಟಿ ಪದರದ ಹೊಗೆ ಕೊಳವೆ ಆದರೆ ಅದಕ್ಕೆ ಆಯಸ್ಕಾಂತದ ಥರ್ಮಾಮೀಟರ್ ಅಂಟಿಸಿ. ಹೊರಮೈ ಸುಮಾರು 120ರಿಂದ 240 ಡಿಗ್ರಿ ನಡುವೆ ಇದ್ದರೆ ಸರಿ. ಅದಕ್ಕಿಂತ ಕೆಳಗೆ ಬಹಳ ಹೊತ್ತು ಇದ್ದರೆ ಒಳಗೆ ಡಾಂಬರು ಕಟ್ಟುತ್ತಿದೆ ಅಂತ ಅರ್ಥ. ಆ ಡಾಂಬರಿಗೆ ಬೆಂಕಿ ಹತ್ತಿದರೆ ಕೊಳವೆಯೊಳಗೆ 1000 ಡಿಗ್ರಿ ದಾಟುತ್ತದೆ. ವರ್ಷಕ್ಕೆ ಒಂದು ಸಲವಾದರೂ ಗೊತ್ತಿರುವವರಿಂದ ಕೊಳವೆ ಗುಡಿಸಿಸಿ.

ಗಾಳಿ, ವಿಷಾನಿಲ, ವೈರು

ಒಂದು ಕಿಲೋ ಸೌದೆ ಉರಿಯಲು ಒಲೆ ಸುಮಾರು 10 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತದೆ. ಸಂದಿಗಳನ್ನೆಲ್ಲ ಮುಚ್ಚಿ ಬಿಗಿ ಮಾಡಿದ ಚಿಕ್ಕ ಮನೆಯಲ್ಲಿ ಆ ಗಾಳಿ ಎಲ್ಲಿಂದ ಬರಬೇಕು? ಹೊರಗಿನಿಂದ ನೇರವಾಗಿ ಒಲೆಗೆ ಗಾಳಿ ತರುವ ಕೊಳವೆ ಇದಕ್ಕೆ ಉತ್ತರ. ಹೊಸ ಒಲೆ ಕೊಳ್ಳುವಾಗ ಆ ಜೋಡಣೆ ಇರುವುದನ್ನೇ ಆರಿಸಿ. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನ್, ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನ್ ಎರಡೂ ಮನೆಯ ಗಾಳಿಯನ್ನು ಹೊರಗೆ ಎಸೆಯುತ್ತವೆ. ಕೊಳವೆಯ ಎಳೆತಕ್ಕಿಂತ ಅವುಗಳ ಎಳೆತ ಜಾಸ್ತಿಯಾದರೆ ಹೊಗೆ ತಿರುಗಿ ಕೋಣೆಗೇ ಬರುತ್ತದೆ. ಒಲೆ ಕೂರಿಸಿದ ದಿನವೇ ಪರೀಕ್ಷೆ ಮಾಡಿ: ಎಲ್ಲ ಕಿಟಕಿ ಮುಚ್ಚಿ, ಎಲ್ಲ ಫ್ಯಾನ್ ಪೂರ್ತಿ ವೇಗದಲ್ಲಿ ಹಾಕಿ, ಸಣ್ಣ ಬೆಂಕಿ ಹಚ್ಚಿ, ಒಲೆಯ ಬಾಗಿಲನ್ನು ಸ್ವಲ್ಪವೇ ತೆರೆದು ಒಂದು ಊದುಬತ್ತಿ ಹಿಡಿಯಿರಿ. ಹೊಗೆ ಒಲೆಯೊಳಗೆ ಹೋಗಬೇಕು. ಹೊರಗೆ ಬಂದರೆ ಫ್ಯಾನ್ ಮತ್ತು ಬೆಂಕಿ ಒಟ್ಟಿಗೆ ಬೇಡ. ಗೋಡೆಗೆ ಕೂರಿಸುವ ಸಾಮಾನ್ಯ ಹೀಟ್ ಪಂಪ್ ಒಳಗಿನ ಗಾಳಿಯನ್ನೇ ತಿರುಗಿಸುವುದರಿಂದ ಈ ತೊಂದರೆ ಅದಕ್ಕಿಲ್ಲ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಒಲೆ ಹಚ್ಚಬೇಡಿ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಂತಿ ಬಂದಹಾಗೆ ಆಗುವುದು, ಮಂಪರು, ಇವು ಲಕ್ಷಣ. ಮಲಗಿದವರಿಗೆ ಅದೂ ತಿಳಿಯುವುದಿಲ್ಲ. ಒಲೆಯ ಕೋಣೆಯಲ್ಲಿ, ಒಲೆಯಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿ ಒಂದು ಇರಲಿ. ಮಲಗುವ ಕೋಣೆಯಲ್ಲಿ ತಲೆದಿಂಬಿನ ಎತ್ತರಕ್ಕೆ ಇನ್ನೊಂದು. ಕರೆಂಟ್ ಹೋದಾಗಲೂ ಕೂಗಬೇಕು, ಹಾಗಾಗಿ ಬ್ಯಾಟರಿಯದ್ದೇ ಇರಲಿ. ಅದರ ಹಿಂಭಾಗದಲ್ಲಿ ಬರೆದ ಅವಧಿ ಮುಗಿದ ಮೇಲೆ ಗುಂಡಿ ಒತ್ತಿದಾಗ ಸದ್ದು ಬಂದರೂ ನಂಬಬೇಡಿ, ಬದಲಿಸಿ. ಒಳಗಿನ ಸೆನ್ಸರಿಗೆ ಆಯುಸ್ಸಿದೆ. ಬೆಂಕಿ ಆರುತ್ತಿರುವಾಗ, ಕೆಂಡ ಇನ್ನೂ ಇರುವಾಗಲೇ ಈ ಅನಿಲ ಹೆಚ್ಚು ಹುಟ್ಟುತ್ತದೆ. ಕೆಂಡ ಇರುವಾಗ ಗಾಳಿಕಿಂಡಿಯನ್ನು ಪೂರ್ತಿ ಮುಚ್ಚಿ ಮಲಗಬೇಡಿ.

ಕರೆಂಟಿನ ಕಡೆ ನೋಡಬೇಕಾದದ್ದು ಎರಡೇ. 2 ಕಿಲೋವ್ಯಾಟಿನ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಗಂಟೆಗಟ್ಟಲೆ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಬೇಡಿ, ಗೋಡೆಯ ಸಾಕೆಟ್ಟಿಗೇ ಹಾಕಿ. ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ ಮುಟ್ಟಿ ನೋಡಿ. ಕೈಗೆ ಸುಡುವಷ್ಟಿದ್ದರೆ ಅಲ್ಲಿ ಸಡಿಲ ಇದೆ, ಆರಿಸಿ ಎಲೆಕ್ಟ್ರಿಷಿಯನ್ ಕರೆಸಿ. ಇನ್ನೊಂದು, ಸಾಮಾನ್ಯ ವೈರಿನ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿ. ಒಲೆಯ ಹಿಂದೆ, ಕೊಳವೆಯ ಪಕ್ಕ ವೈರ್ ಹಾದುಹೋಗಬಾರದು. ಮರ, ಪರದೆ, ಸೋಫಾ ಎಷ್ಟು ದೂರ ಇರಬೇಕು ಅಂತ ಒಲೆಯ ಕೈಪಿಡಿಯಲ್ಲಿ ಬರೆದಿರುತ್ತದೆ. ಅದನ್ನು ಸುಮ್ನೆ ಅಂದಾಜು ಮಾಡಬೇಡಿ, ಟೇಪ್ ಹಿಡಿದು ಅಳೆಯಿರಿ. ಒಲೆ ಕೂರಿಸಲು ನಿಮ್ಮ ಊರಿನ ಕಟ್ಟಡ ನಿಯಮ ಏನು ಹೇಳುತ್ತದೆ, ಮನೆಯ ವಿಮೆಯವರಿಗೆ ತಿಳಿಸಬೇಕಾ ಅನ್ನುವುದನ್ನೂ ಮೊದಲೇ ಕೇಳಿಕೊಳ್ಳಿ.

ಒಲೆ ಹಚ್ಚಬಾರದ ದಿನ, ಹೀಟರ್ ಕೆಲಸಕ್ಕೆ ಬಾರದ ದಿನ

ಗಾಳಿಯೇ ಆಡದೆ, ಹೊಗೆ ಮೇಲೇರದೆ ಅಲ್ಲಲ್ಲೇ ಹರಡುವ ಸಂಜೆಗಳಿರುತ್ತವೆ, ಅಲ್ವಾ? ಅಂಥ ಸಂಜೆ ನಾನು ಒಲೆ ಮುಟ್ಟುವುದಿಲ್ಲ. ಸೌದೆಯ ಹೊಗೆಯಲ್ಲಿರುವ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಮ್ಮ ಬೆಚ್ಚನೆಗಾಗಿ ಪಕ್ಕದ ಮನೆಯ ಮಗು ಕೆಮ್ಮಬಾರದು. ಹೊರಗೆ 12-13 ಡಿಗ್ರಿ ಇರುವ ದಿನವೂ ಬೇಡ. ಒಳಗೆ ಹೊರಗೆ ವ್ಯತ್ಯಾಸ ಕಮ್ಮಿ ಇದ್ದಾಗ ಕೊಳವೆ ಸರಿಯಾಗಿ ಎಳೆಯುವುದಿಲ್ಲ, ಕೋಣೆಯೂ ಬೇಗ ಕುದಿಯುತ್ತದೆ. ಅಂಥ ದಿನ ಅರ್ಧ ಗಂಟೆ ಹೀಟರ್ ಸಾಕು. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಹೀಟರನ್ನೇ ಮುಖ್ಯವಾಗಿಟ್ಟುಕೊಂಡು ಒಲೆಯನ್ನು ಅಪರೂಪಕ್ಕೆ ಬಳಸಿ.

ಊರಿಗೆ ಹೋಗುವಾಗ ಬೆಂಕಿ ಪೂರ್ತಿ ಆರಿರಬೇಕು. ಎಲ್ಲ ಹೀಟರನ್ನೂ 7 ಡಿಗ್ರಿಗೆ ಇಟ್ಟು ಹೋದರೆ ನೀರಿನ ಪೈಪು ಹೆಪ್ಪುಗಟ್ಟುವುದಿಲ್ಲ.

ಕರೆಂಟ್ ಹೋದಾಗ ಇಡೀ ಭಾರ ಒಲೆಯ ಮೇಲೆ. ಅದಕ್ಕಾಗಿಯೇ ನೀರು ಕಾಯಿಸುವ ಜಾಕೆಟ್ ಇರುವ ಒಲೆಗಿಂತ ಬರೀ ಕೋಣೆ ಕಾಯಿಸುವ ಸಾದಾ ಒಲೆ ಚಿಕ್ಕ ಮನೆಗೆ ಒಳ್ಳೆಯದು ಅನ್ನುತ್ತೇನೆ. ನೀರಿನ ಒಲೆಯಲ್ಲಿ ಪಂಪ್ ನಿಂತರೆ ನೀರು ಕುದಿದು ಒತ್ತಡ ಏರುತ್ತದೆ, ಅದನ್ನು ತಡೆಯಲು ಬೇರೆಯೇ ವ್ಯವಸ್ಥೆ ಬೇಕು. ಒಣಗಿದ ಸೌದೆ ಎರಡು ಮೂರು ದಿನಕ್ಕಾಗುವಷ್ಟು ಮನೆಯೊಳಗೇ ಇರಲಿ, ಒಲೆಯಿಂದ ದೂರ. ಎಲ್ಲರೂ ನಡುಮನೆಯಲ್ಲೇ ಹಾಸಿಕೊಳ್ಳಿ, ಮಲಗುವ ಕೋಣೆಯ ಬಾಗಿಲು ಮುಚ್ಚಿ. ಮಲಗುವ ಹೊತ್ತಿಗೆ ಬೆಂಕಿ ತೀರಲಿ ಅನ್ನುವ ನಿಯಮ ಆಗಲೂ ಅದೇ, ಹೊದಿಕೆ ಜಾಸ್ತಿ ಹಾಕಿಕೊಳ್ಳಿ. ಕರೆಂಟ್ ಬಂದಾಗ ಎಲ್ಲ ಹೀಟರೂ ಒಂದೇ ಸಲ ಪೂರ್ತಿ ಶಕ್ತಿಯಲ್ಲಿ ಶುರುವಾದರೆ ಟ್ರಿಪ್ ಆಗಬಹುದು. ಹೋದಾಗಲೇ ಸ್ವಿಚ್ ಆರಿಸಿಟ್ಟು, ಬಂದ ಮೇಲೆ ಮಲಗುವ ಕೋಣೆಯದನ್ನು ಮೊದಲು ಹಾಕಿ.

ಬೂದಿಯನ್ನು ಮರುದಿನ ತೆಗೆಯುವಾಗಲೂ ಅದರೊಳಗೆ ಕೆಂಡ ಉಳಿದಿರುತ್ತದೆ, ಕೆಲವೊಮ್ಮೆ ಎರಡು ಮೂರು ದಿನದ ಮೇಲೂ. ಪ್ಲಾಸ್ಟಿಕ್ ಬಕೆಟ್, ವ್ಯಾಕ್ಯೂಮ್ ಕ್ಲೀನರ್ ಎರಡೂ ಬೇಡ. ಮುಚ್ಚಳವಿರುವ ಕಬ್ಬಿಣದ ಡಬ್ಬಕ್ಕೆ ತುಂಬಿ, ಮುಚ್ಚಿ, ಮನೆಯ ಹೊರಗೆ ಕಲ್ಲಿನ ಮೇಲೆ ಇಡಿ.